ಚಳಿಗೆ ಹಟ ಹಿಡಿಯುವ ಸ್ಲಡ್ಜ್

ಬೆಂಗಳೂರಿನ ಒಂದು ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕದಲ್ಲಿ, ಕೊಳಚೆಯಿಂದ ಬೇರ್ಪಟ್ಟ ಕೆಸರಾದ ಸ್ಲಡ್ಜನ್ನು ಸಾಗಿಸುವ ಪಂಪುಗಳ ಉಸ್ತುವಾರಿ ನನ್ನದು. ಡಿಸೆಂಬರ್ ಬಂತೆಂದರೆ ಬೆಳಗಿನ ಪಾಳಿಯವರಿಗೆ ಮೊದಲು ಹೇಳುವ ಮಾತು, ‘ಆಂಪ್ಸ್ ನೋಡ್ಕೊಳ್ಳಿ’. ಏಪ್ರಿಲ್‌ನಲ್ಲಿ ಸಲೀಸಾಗಿ ಹರಿಯುವ ಸ್ಲಡ್ಜ್ ಚಳಿಯ ರಾತ್ರಿ ಪೈಪಿನಲ್ಲೇ ನಿಂತು ತಣ್ಣಗಾಗಿದ್ದರೆ, ಮೋಟಾರ್ ಹಾಕಿದೊಡನೆ ಅದು ಎಳೆಯುವ ಕರೆಂಟನ್ನು (ಆಂಪ್ಸ್) ತೋರಿಸುವ ಮುಳ್ಳು ಸರ್ರನೆ ಮೇಲೇರುತ್ತದೆ. ಕೆಲವೊಮ್ಮೆ ಟ್ರಿಪ್ಪೂ ಆಗುತ್ತದೆ.

ಗಟ್ಟಿ ಮಾಡಿದ ಸ್ಲಡ್ಜಿನಲ್ಲೂ ಶೇ. 95ರಷ್ಟು ನೀರೇ. ಉಳಿದದ್ದರಲ್ಲಿ ದೊಡ್ಡ ಪಾಲು ಬ್ಯಾಕ್ಟೀರಿಯಾ ಮತ್ತು ಅವು ತಮ್ಮ ಸುತ್ತ ಸ್ರವಿಸಿಕೊಂಡ ಅಂಟು. ಕಣಗಳನ್ನು ಒಂದಕ್ಕೊಂದು ಹಿಡಿದಿಡುವುದು ಆ ಅಂಟೇ. ಹಾಗಾಗಿ ಮೆಲ್ಲಗೆ ತಳ್ಳಿದರೆ ಸ್ಲಡ್ಜ್ ಅಲುಗುವುದೇ ಇಲ್ಲ, ಒಂದು ಮಿತಿ ದಾಟಿದ ಬಲ ಬೇಕು. ಹೊರಟ ಮೇಲೆ ಮಾತ್ರ ಜೋರಾಗಿ ತಳ್ಳಿದಷ್ಟೂ ತೆಳುವಾಗುತ್ತದೆ.

ಬಿಸಿ ತಾಗಿದರೆ ಎರಡು ಬದಲಾವಣೆ. ಮೊದಲು ನೀರೇ ತೆಳುವಾಗುತ್ತದೆ: 15 ಡಿಗ್ರಿಯ ನೀರನ್ನು 35ಕ್ಕೆ ಏರಿಸಿದರೆ ಅದರ ಸ್ನಿಗ್ಧತೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಇಳಿಯುತ್ತದೆ. ಜೊತೆಗೆ ಅಂಟಿನ ಹಿಡಿತವೂ ಸಡಿಲವಾಗುತ್ತದೆ. ಆರಿದ ಗಂಜಿ ಮತ್ತೆ ಮಂದವಾಗುವಂತೆ, ಸ್ವಲ್ಪವೇ ಬೆಚ್ಚಗಾದ ಸ್ಲಡ್ಜ್ ತಣಿದಾಗ ಬಹುಮಟ್ಟಿಗೆ ಹಳೆಯ ಸ್ಥಿತಿಗೆ ಮರಳುತ್ತದೆ. ಚೆನ್ನಾಗಿ ಕಾಯಿಸಿದರೆ ಹಾಗಲ್ಲ. ಜೀವಕೋಶಗಳು ಒಡೆದು, ಅಂಟು ನೀರಿನಲ್ಲಿ ಕರಗಿ, ತಣಿದ ಮೇಲೂ ತೆಳುವಾಗಿಯೇ ಉಳಿಯುತ್ತದೆ. ನಾರ್ವೆಯ ಹಾಮಾರ್‌ನಲ್ಲಿ 1995ರಲ್ಲಿ ಶುರುವಾದ ಘಟಕ ಈ ಗುಣವನ್ನೇ ದುಡಿಸಿಕೊಂಡಿತು. ಒತ್ತಡದ ಹಬೆಯಲ್ಲಿ ಸುಮಾರು 160 ಡಿಗ್ರಿಗೆ ಅರ್ಧ ಗಂಟೆ ಬೇಯಿಸಿದ ಸ್ಲಡ್ಜನ್ನು ಡೈಜೆಸ್ಟರಿಗೆ, ಅಂದರೆ ಅದನ್ನು ಕೊಳೆಸುವ ತೊಟ್ಟಿಗೆ, ಮಾಮೂಲಿಗಿಂತ ಸುಮಾರು ಎರಡರಷ್ಟು ಗಟ್ಟಿಯಾಗಿ ಉಣಿಸಬಹುದು.

ಅಂಥ ಬಾಯ್ಲರ್ ನಮ್ಮಲ್ಲಿಲ್ಲ. ಪಂಪ್ ಮುಲುಗಿದರೆ ನೀರು ಬೆರೆಸೋಣ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಆ ನೀರನ್ನೂ ಡೈಜೆಸ್ಟರಿನಲ್ಲಿ 35 ಡಿಗ್ರಿಗೆ ಕಾಯಿಸಬೇಕು. ಅದು ಜಾಗ ತಿಂದಷ್ಟೂ ಸ್ಲಡ್ಜ್ ಕೊಳೆಯಲು ಸಿಗುವ ದಿನಗಳು ಕಡಿಮೆಯಾಗುತ್ತವೆ. ಅದಕ್ಕಿಂತ ಡೈಜೆಸ್ಟರಿನ ಬೆಚ್ಚಗಿನ ಸ್ಲಡ್ಜನ್ನೇ ಒಳಬರುವ ತಣ್ಣನೆಯದರ ಜೊತೆ ಬೆರೆಸಿ ತಿರುಗಿಸುವುದು, ರಾತ್ರಿಯಲ್ಲೂ ಆಗಾಗ ಪಂಪ್ ಓಡಿಸಿ ಪೈಪಿನಲ್ಲಿ ನಿಲ್ಲಗೊಡದಿರುವುದು ಲೇಸು.

ನನ್ನ ಆತಂಕ ಮೋಟಾರಿನದಲ್ಲ. ಲೈನ್ ಕಟ್ಟಿಕೊಂಡರೆ ಯಾರಾದರೂ ಸ್ಲಡ್ಜ್ ಗುಂಡಿಗೆ (ಸಂಪ್) ಇಳಿದು ನೋಡಲಿ ಎಂಬ ಮಾತು ಬರುತ್ತದೆ. ಅಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಹೆಚ್ಚಾದಾಗ ಮೂಗಿಗೆ ಅದರ ವಾಸನೆಯೂ ತಿಳಿಯದು. ರಕ್ಷಣಾ ಸಲಕರಣೆ ಇಲ್ಲದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಆದರೂ ಜನ ಸಾಯುತ್ತಲೇ ಇದ್ದಾರೆ. ಲಾಗ್ ಬುಕ್ಕಿನಲ್ಲಿ ಆಂಪ್ಸ್ ಪಕ್ಕದಲ್ಲಿ ಸ್ಲಡ್ಜಿನ ತಾಪಮಾನಕ್ಕೂ ಒಂದು ಕಾಲಂ ಬೇಕೇ ಬೇಕೆಂದು ನಾನು ಪಟ್ಟು ಹಿಡಿದದ್ದು ಇದಕ್ಕೇ: ಲೈನ್ ಕಟ್ಟುವ ಮುನ್ನವೇ ಸುಳಿವು ಸಿಕ್ಕರೆ ಯಾರೂ ಇಳಿಯಬೇಕಾಗಿಲ್ಲ.