ನೆಗಡಿ ಬಿಟ್ಟರೂ ಕಿವಿ ಬಿಡದು

ಆಷಾಢದಲ್ಲಿ ಚಾಮರಾಜೇಶ್ವರನ ತೇರು ಎಳೆಯುವ ಹೊತ್ತಿಗೆ ಚಾಮರಾಜನಗರದ ಕಡೆ ಗಾಳಿ ಜೋರು, ಮನೆಮನೆಯಲ್ಲೂ ಸೀನು. ಮೂಗು ಸೋರುವುದು ವಾರದಲ್ಲಿ ನಿಂತೀತು, ಕಿವಿ ಮಾತ್ರ ಹಟ ಹಿಡಿಯುತ್ತದೆ. "ಕಿವಿ ಕಟ್ಕಂಡದ, ಗುಂಯ್‌ಗುಡ್ತದ" ಎಂದು ಅಜ್ಜಿ ತಲೆ ಕೊಡವಿದರೆ ಮನೆಯವರು ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಲು ಏಳುತ್ತಾರೆ.

ಆ ಎಣ್ಣೆ ಬೇಕಾದ ಜಾಗಕ್ಕೆ ಹೋಗುವುದೇ ಇಲ್ಲ. ಕಿವಿಯ ತೂತಿನ ಕೊನೆಗೆ ತಮಟೆ ಅಡ್ಡ ಇದೆ. ತೊಂದರೆ ಅದರಾಚೆ, ಮಧ್ಯಕಿವಿಯಲ್ಲಿ. (ತಮಟೆ ತೂತಾಗಿದ್ದರೆ ಎಣ್ಣೆ ಒಳಗೆ ಹೋದೀತು, ಅದು ಇನ್ನೂ ಕೆಟ್ಟದ್ದು.) ಮಧ್ಯಕಿವಿಯಿಂದ ಮೂಗಿನ ಹಿಂಭಾಗಕ್ಕೆ ಸಣ್ಣದೊಂದು ನಾಳವಿದೆ. ಹದಿನಾರನೆಯ ಶತಮಾನದ ಇಟಲಿಯ ವೈದ್ಯ ಯುಸ್ಟಾಕಿಯ ಹೆಸರು ಹೊತ್ತ ಈ ಯುಸ್ಟೇಷಿಯನ್ ನಾಳ ದೊಡ್ಡವರಲ್ಲಿ ಸುಮಾರು 3.5 ಸೆಂ.ಮೀ. ಉದ್ದ. ಸದಾ ಮುಚ್ಚಿಕೊಂಡಿದ್ದು, ಎಂಜಲು ನುಂಗಿದಾಗ, ಆಕಳಿಸಿದಾಗ ಚೂರು ತೆರೆದು ಒಳಹೊರಗಿನ ಒತ್ತಡ ಸಮ ಮಾಡುತ್ತದೆ. ನೆಗಡಿಯಲ್ಲಿ ಮೂಗಿನ ಪೊರೆ ಊದಿದರೆ ನಾಳದ ಬಾಯಿಯೂ ಕಟ್ಟುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಮೈ ಹೀರಿಕೊಂಡಂತೆಲ್ಲ ತಮಟೆ ಒಳಕ್ಕೆ ಎಳೆದುಕೊಳ್ಳುತ್ತದೆ, ನೀರೂ ತುಂಬಬಹುದು. ಮಕ್ಕಳ ನಾಳ ಗಿಡ್ಡ, ಇಳಿಜಾರೂ ಕಡಿಮೆ. ಅವರಿಗೇ ಕಾಟ ಹೆಚ್ಚು.

ಗುಂಡ್ಲುಪೇಟೆಯವರಿಗೆ ಇದನ್ನು ಘಟ್ಟದ ರಸ್ತೆಯೇ ಕಲಿಸುತ್ತದೆ. ನೆಗಡಿ ಇಟ್ಟುಕೊಂಡು ಊಟಿಗೆ ಹೊರಟವರು ಹತ್ತುವಾಗ ಅಷ್ಟಾಗಿ ಗೊಣಗುವುದಿಲ್ಲ. ಹಿಗ್ಗಿದ ಗಾಳಿ ನಾಳವನ್ನು ತಾನೇ ತಳ್ಳಿಕೊಂಡು ಹೊರಬರುತ್ತದೆ. ಸುಮಾರು 2,240 ಮೀಟರ್ ಎತ್ತರದಿಂದ ಗೂಡಲೂರಿನತ್ತ ಇಳಿಯುವಾಗ ಚುಚ್ಚು ಶುರು: ಹೊರಗಿನ ಒತ್ತಡ ಏರುತ್ತದೆ, ಗಾಳಿ ಒಳಗೆ ಬಿಡಲು ನಾಳ ಒಪ್ಪುವುದಿಲ್ಲ. 1,454 ಮೀಟರಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟದಿಂದ ಬಸ್ಸಿನಲ್ಲಿ ಇಳಿಯುವಾಗಲೂ ಇದೇ, ಸ್ವಲ್ಪ ಕಮ್ಮಿ. ಏನಾದರೂ ಜಗಿಯುತ್ತ, ನುಂಗುತ್ತ ಇಳಿಯಿರಿ. ಕೂಸಿಗೆ ಹಾಲು ಕುಡಿಸಿ. ಮೂಗು ಹಿಡಿದು ಜೋರಾಗಿ ಊದುವ ಸಾಹಸ ನೆಗಡಿಯಲ್ಲಂತೂ ಬೇಡ.

ಬಹುತೇಕರಿಗೆ ಬಟ್ಟೆಯ ಶಾಖ, ಪ್ಯಾರಾಸಿಟಮಾಲ್, ಒಂದಿಷ್ಟು ತಾಳ್ಮೆ ಸಾಕು. ಮೂಗಿನ ಹನಿಯನ್ನು ವಾರಗಟ್ಟಲೆ ಹಾಕಿಕೊಂಡರೆ ಕಟ್ಟುವಿಕೆ ಮರಳಿ ಬರುತ್ತದೆ. ಆದರೆ ಕಿವಿ ಸೋರಿದರೆ, ಕಿವಿಯ ಹಿಂದೆ ಊದಿದರೆ, ಜ್ವರ, ನೋವು ಎರಡು ಮೂರು ದಿನಕ್ಕೂ ಇಳಿಯದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರ ಹೋಗಲೇಬೇಕು. ಒಂದು ಕಿವಿ ದಿಢೀರನೆ ಕೇಳದಾದರೆ ನೆಗಡಿಯ ಮೇಲೆ ಹಾಕಿ ಕೂರಬೇಡಿ. ಅದು ನರದ ತೊಂದರೆಯಾಗಿರಬಹುದು, ಔಷಧಿ ಬೇಗ ಸಿಕ್ಕಷ್ಟೂ ಒಳ್ಳೆಯದು.

ಮಕ್ಕಳಲ್ಲಿ ನೋವು ಹೋದ ಮೇಲೂ ನೀರು ವಾರಗಟ್ಟಲೆ ನಿಲ್ಲುತ್ತದೆ. ಕರೆದರೆ ತಿರುಗುವುದಿಲ್ಲ, ಪಾಠ ಕೇಳುವುದಿಲ್ಲ ಎಂದು ಬೈಸಿಕೊಳ್ಳುವವರಲ್ಲಿ ಇಂಥವರೂ ಇರುತ್ತಾರೆ. ಅಷ್ಟು ದಿನ ಮುಂದಿನ ಬೆಂಚಿನಲ್ಲಿ ಕೂರಿಸಲು ಮೇಷ್ಟ್ರಿಗೆ ಹೇಳಿ. ಮೂರು ತಿಂಗಳಾದರೂ ಮಗು ಟಿ.ವಿ. ಸದ್ದು ಏರಿಸುತ್ತಲೇ ಇದ್ದರೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ.