ನಿಮಗಿದು ಗೊತ್ತೆ? ಧೋತಿ ಉಟ್ಟ ಸ್ಪೈಡರ್‌ಮ್ಯಾನ್

ಒಬ್ಬನೇ ಸೂಪರ್‌ಹೀರೊಗೆ ಬೇರೆ ಬೇರೆ ಲೋಕಗಳಲ್ಲಿ ಬೇರೆ ಬೇರೆ ಬದುಕು! ಅಮೆರಿಕದ ಕಾಮಿಕ್ಸ್‌ನಲ್ಲಿ ಈ ಕಲ್ಪನೆ ಬೇರೂರಿದ್ದು 1961ರಲ್ಲಿ. ಆಗ ಹೊಸ 'ಫ್ಲ್ಯಾಶ್' ಇನ್ನೊಂದು ಭೂಮಿಗೆ ಜಿಗಿದು ಹಳೆಯ 'ಫ್ಲ್ಯಾಶ್'ನನ್ನು ಮುಖಾಮುಖಿ ಕಂಡ. 1964ರಲ್ಲಿ ಬಂದ ಮೂರನೇ ಭೂಮಿಯಲ್ಲಂತೂ ಸೂಪರ್‌ಮ್ಯಾನ್‌ನ ಪ್ರತಿರೂಪವೇ ಖಳನಾಯಕ.

ನಮ್ಮ ಪಾಲಿಗೆ ಹೆಚ್ಚು ಹತ್ತಿರದವನು ಪವಿತ್ರ್ ಪ್ರಭಾಕರ್. 2004ರಲ್ಲಿ ಹುಟ್ಟಿದ ಈ ಭಾರತೀಯ ಸ್ಪೈಡರ್‌ಮ್ಯಾನ್‌ಗೆ ರೂಪ ಕೊಟ್ಟವರು ಬೆಂಗಳೂರಿನ ಚಿತ್ರಕಾರ ಜೀವನ್ ಕಾಂಗ್; ಜತೆಗಿದ್ದವರು ಶರದ್ ದೇವರಾಜನ್ ಮತ್ತು ಸುರೇಶ್ ಸೀತಾರಾಮನ್. ಮೂಲ ಸ್ಪೈಡರ್‌ಮ್ಯಾನ್ ಪೀಟರ್ ಪಾರ್ಕರ್‌ಗೆ ಶಕ್ತಿ ಬಂದದ್ದು ವಿಕಿರಣ ತಗುಲಿದ ಜೇಡ ಕಚ್ಚಿ. ಹಳ್ಳಿಯಿಂದ ಮುಂಬೈಗೆ ಓದಲು ಬಂದ ಬಡ ಹುಡುಗ ಪವಿತ್ರನಿಗೆ ಅದನ್ನು ಕರುಣಿಸುವವನು ಒಬ್ಬ ಯೋಗಿ. ಜೇಡದ ಬಲೆಯ ಅಂಗಿ, ಅದರ ಕೆಳಗೆ ಬಿಳಿ ಧೋತಿ! ಅಂಕಲ್ ಬೆನ್ ಇಲ್ಲಿ ಭೀಮ್, ಆಂಟ್ ಮೇ ಇಲ್ಲಿ ಮಾಯಾ. ಖಳ ನಾರ್ಮನ್ ಆಸ್ಬಾರ್ನ್ ಆಗುವುದು ನಳಿನ್ ಒಬೆರಾಯ್. ಅವನನ್ನು ರಾಕ್ಷಸನನ್ನಾಗಿ ಮಾಡುವುದು ಒಂದು ತಾಯಿತ. ಬರೀ ಹೆಸರು ಬದಲಿಸಿ ಕೈತೊಳೆದುಕೊಳ್ಳದೆ ಶಕ್ತಿಯ ಮೂಲವನ್ನೇ ಬದಲಿಸಿದ್ದು ನಿಜಕ್ಕೂ ಮೆಚ್ಚಬೇಕಾದ ಕೆಲಸ. 2023ರ 'ಅಕ್ರಾಸ್ ದಿ ಸ್ಪೈಡರ್-ವರ್ಸ್' ಚಿತ್ರ ಪವಿತ್ರನನ್ನು ಜಗತ್ತಿನ ತೆರೆಗಳಿಗೆ ಒಯ್ದಿತು.

ಕನ್ನಡ ಕಾವ್ಯಕ್ಕೆ ಇಂಥ ಪಲ್ಲಟ ಹೊಸದೇನಲ್ಲ. 941ರ ಸುಮಾರಿಗೆ ಪಂಪ ಬರೆದ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನದೇ ಹೆಂಡತಿ. ನಾಗಚಂದ್ರನ ಜೈನ ರಾಮಾಯಣದಲ್ಲಿ ಹನುಮಂತ ಕಪಿಯಲ್ಲ, ವಿದ್ಯಾಧರ. ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ.