ಕಾರ್ನ್‌ವಾಲಿನ ಹಾಡಿನ ಗುರುತು

ಬ್ರಿಟನ್ನಿನ ನೈರುತ್ಯ ತುದಿಯಲ್ಲಿ ಅಟ್ಲಾಂಟಿಕ್ ಸಾಗರದೊಳಕ್ಕೆ ಚಾಚಿಕೊಂಡಿರುವ ನೆಲವೇ ಕಾರ್ನ್‌ವಾಲ್. ತವರ, ತಾಮ್ರಗಳ ಗಣಿಗಳಿಗೆ ಹೆಸರಾಗಿದ್ದ ನಾಡು ಅದು. ನಮ್ಮ ಕೋಲಾರದ ಚಿನ್ನದ ಗಣಿಗಳಿಗೂ 1880ರ ಬಳಿಕ ಅಲ್ಲಿಯ ಗಣಿಗಾರರು ಬಂದಿದ್ದರು. ತಮ್ಮ ಜನಪದ ಸಂಗೀತ ಇಂಗ್ಲೆಂಡಿನದರಂತಲ್ಲ, ಅದರ ಬಗೆಯೇ ಬೇರೆ ಎಂಬುದು ಆ ಜನರ ಅಭಿಮಾನದ ಮಾತು. ಆ ಬೇರೆತನ ಇರುವುದಾದರೂ ಎಲ್ಲಿ?

ಭೌತಶಾಸ್ತ್ರದ ವಿದ್ಯಾರ್ಥಿ ಅದನ್ನು ಮೊದಲು ಸ್ವರಗಳಲ್ಲಿ ಅರಸುವನು. ಅಲ್ಲಿ ಅದು ದೊರೆಯದು. ಷಡ್ಜ ಪಂಚಮಗಳ ಕಂಪನಾಂಕಗಳು 2:3ರ ಪ್ರಮಾಣದಲ್ಲಿರುವುದು ಧಾರವಾಡದಲ್ಲಿ ಹೇಗೋ ಅಲ್ಲಿಯೂ ಹಾಗೆಯೇ. ಕಾರ್ನ್‌ವಾಲಿಗೇ ಮೀಸಲಾದ ಸ್ವರಶ್ರೇಣಿ ಯಾವುದೂ ಇಲ್ಲ.

ವಾದ್ಯಗಳನ್ನು ನೋಡೋಣವೆಂದರೆ, ಆಲ್ಟರ್ನನ್ ಊರಿನ ಚರ್ಚಿನಲ್ಲಿ 16ನೆಯ ಶತಮಾನದ ಮರದ ಪೀಠವೊಂದರ ಮೇಲೆ ಚೀಲವಾದ್ಯ ಊದುವವನ ಕೆತ್ತನೆಯಿದೆ. ಆದರೆ ಆ ವಾದನದ ಪರಂಪರೆ ನಡುವೆಯೇ ಕಡಿದುಹೋಯಿತು. ಇಂದು ಕೇಳಿಬರುವುದು 20ನೆಯ ಶತಮಾನದಲ್ಲಿ ಮತ್ತೆ ಕಟ್ಟಿಕೊಂಡದ್ದು. ಭಾಷೆಯ ಗತಿಯೂ ಅದೇ. ವೆಲ್ಷ್ ಭಾಷೆಯ ಬಳಗಕ್ಕೆ ಸೇರಿದ ಕಾರ್ನಿಷ್ ನುಡಿ 18ನೆಯ ಶತಮಾನದ ಕೊನೆಗೆ ಮನೆಮಾತಾಗಿ ಉಳಿಯಲಿಲ್ಲ. 1904ರಿಂದ ಅದನ್ನು ಪುನರುಜ್ಜೀವಿಸುವ ಯತ್ನ ನಡೆದಿದೆಯಾದರೂ ಜನ ಹಾಡುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ. ಧಾಟಿಗಳೂ ಕಡ ತಂದವು: ಅಲ್ಲಿ ಮನೆಮಾತಾಗಿರುವ 'ಲಾಮೋರ್ನಾ' ಮ್ಯಾಂಚೆಸ್ಟರ್ ನಗರದ ಹಾಡೊಂದರ ರೂಪಾಂತರ!

ಹಾಗಾದರೆ ಎಲ್ಲವೂ ಹುಸಿ ಅಭಿಮಾನವೆ? ಅಲ್ಲವೆಂದೇ ನನ್ನ ಎಣಿಕೆ. ಮೇ 1ರಂದು ಪ್ಯಾಡ್‌ಸ್ಟೋ ಬಂದರಿನ ಬೀದಿಗಳಲ್ಲಿ 'ಆಬಿ ಆಸ್' ಎಂಬ ಕುದುರೆಯ ವೇಷ ಕುಣಿಯುತ್ತದೆ. ಗುಂಡನೆಯ ಚೌಕಟ್ಟಿನ ಮೇಲೆ ಇಳಿಬಿಟ್ಟ ಕಪ್ಪು ಬಟ್ಟೆ, ಭಯಂಕರ ಮುಖವಾಡ. ಸುತ್ತಲೂ ಡೋಲುಗಳು, ಅಕಾರ್ಡಿಯನ್‌ಗಳು. ದಿನವಿಡೀ ಅದೇ ಹಾಡು. ಇದ್ದಕ್ಕಿದ್ದಂತೆ ಲಯ ಕುಗ್ಗುತ್ತದೆ, ಧಾಟಿ ಶೋಕಕ್ಕೆ ತಿರುಗುತ್ತದೆ, ಕುದುರೆ ಸತ್ತಂತೆ ನೆಲಕ್ಕೊರಗುತ್ತದೆ. ಡೋಲು ಮತ್ತೆ ಮೊಳಗಲು ಜಿಗಿದೇಳುತ್ತದೆ. ಅಕಾರ್ಡಿಯನ್ 19ನೆಯ ಶತಮಾನದಲ್ಲಿ ಯೂರೋಪ್ ಖಂಡದಲ್ಲಿ ಹುಟ್ಟಿದ ವಾದ್ಯ. ಆದರೂ ಆ ಊರು, ಆ ದಿನ, ಆ ಲಯಭಂಗ ಇವು ಬೇರೆಲ್ಲಿಯೂ ಸಿಗವು. ಸ್ವರವನ್ನು ಅಳೆಯುವ ಉಪಕರಣಕ್ಕೆ ಈ ಅಂಶ ಗೋಚರಿಸುವುದಿಲ್ಲ, ಅಷ್ಟೆ.

ಕ್ರಿಸ್ಮಸ್ ಗೀತೆಗಳದೂ ಇದೇ ಕಥೆ. ಹಳೆಯ ಗೀತೆಗಳು ಅಳಿಯುತ್ತಿದ್ದಾಗ 1822ರಲ್ಲಿ ಅವನ್ನು ಸಂಗ್ರಹಿಸಿ ಅಚ್ಚುಹಾಕಿಸಿದವನು ಮುಂದೆ ರಾಯಲ್ ಸೊಸೈಟಿಯ ಅಧ್ಯಕ್ಷನಾದ ಕಾರ್ನ್‌ವಾಲಿನ ಡೇವೀಸ್ ಗಿಲ್ಬರ್ಟ್. (ವಿಜ್ಞಾನಿಗಳಿಗೆ ಹಾಡಿನ ಗೊಡವೆಯೇಕೆ ಎನ್ನುವವರು ಗಮನಿಸಬೇಕು.) ಬಳಿಕ ಇಲ್ಲೊಗನ್ ಹಳ್ಳಿಯ ಥಾಮಸ್ ಮೆರಿಟ್ (1863-1908) ಹೊಸ ಗೀತೆಗಳನ್ನು ರಚಿಸಿದನು. ಬಾಲ್ಯದಲ್ಲಿ ಅವನೂ ಗಣಿಯಲ್ಲಿ ದುಡಿದವನೇ. ಮೆಥಡಿಸ್ಟ್ ಪ್ರಾರ್ಥನಾಮಂದಿರಗಳಲ್ಲಿ ಹಲವು ಕಂಠಗಳಲ್ಲಿ ಹಾಡಲು ಕಲಿತ ಗಣಿಗಾರರಿಗೆ ಆ ಗೀತೆಗಳು ಒಗ್ಗಿದವು: ಒಂದು ಕಂಠ ಎತ್ತಿಕೊಂಡ ಪಲುಕನ್ನು ಇನ್ನೊಂದು ಬೆನ್ನಟ್ಟುತ್ತದೆ, ಕೊನೆಗೆ ಎಲ್ಲವೂ ಒಟ್ಟಾಗುತ್ತವೆ.

ಗಣಿಗಳು ಮುಚ್ಚುತ್ತ ಬಂದಾಗ ಈ ಜನ ದಕ್ಷಿಣ ಆಸ್ಟ್ರೇಲಿಯಕ್ಕೂ ಕ್ಯಾಲಿಫೋರ್ನಿಯಕ್ಕೂ ಹಡಗು ಹತ್ತಿದರು. ಹಾಡು ಜೊತೆಗೆ ಹೋಯಿತು. ಕ್ಯಾಲಿಫೋರ್ನಿಯದ ಗ್ರಾಸ್ ವ್ಯಾಲಿಯಲ್ಲಿನ ಎಂಪೈರ್ ಚಿನ್ನದ ಗಣಿ 1956ರಲ್ಲಿ ನಿಂತಿತು. ಆ ಊರಿನ ಬೀದಿಯಲ್ಲಿ ಕ್ರಿಸ್ಮಸ್ ಸಮಯಕ್ಕೆ ಕಾರ್ನಿಷ್ ಗಾಯಕವೃಂದ ನಿಂತು ಹಾಡುವ ವಾಡಿಕೆ ಮಾತ್ರ ಗಣಿಯೊಡನೆ ನಿಲ್ಲಲಿಲ್ಲ.